ಬದುವಿನ ಹುಳಿಸೊಪ್ಪು

ಶ್ರೀರಂಗಪಟ್ಟಣ, ಪಾಂಡವಪುರಗಳ ಕಾಲುವೆಯ ದಡ, ಕೃಷ್ಣರಾಜಪೇಟೆ, ನಾಗಮಂಗಲಗಳ ತೆಂಗಿನ ತೋಟದ ನೆರಳು, ಪಟ್ಟಣದ ಮನೆಯಂಗಳದ ಹೂಕುಂಡ—ತೇವವಿದ್ದ ಕಡೆಯೆಲ್ಲ ತಾನಾಗಿ ಹಬ್ಬುವ ಪುಟ್ಟ ಸಸ್ಯವೊಂದುಂಟು. ತೊಟ್ಟಿನ ತುದಿಯಲ್ಲಿ ಹೃದಯಾಕಾರದ ಮೂರು ಎಲೆಗಳು. ಅವುಗಳ ನಡುವೆ ಐದೆಸಳಿನ ಹಳದಿ ಹೂವು. ಇಂಗ್ಲಿಷ್ ಪುಸ್ತಕಗಳಲ್ಲಿ ಕ್ಲೋವರಿನ ಚಿತ್ರವನ್ನು ಕಂಡ ಮಕ್ಕಳು ಇದನ್ನೇ ಕ್ಲೋವರ್ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಎಲೆಯ ರುಚಿ ನೋಡಿದೊಡನೆ ನಿಜ ತಿಳಿಯುತ್ತದೆ. ಇದು ನಮ್ಮ ಹುಳಿಸೊಪ್ಪು. ಪುಲ್ಲಂಪುರ್ಚಿ ಎಂದೂ ಕರೆಯುವುದುಂಟು. ಆಯುರ್ವೇದದಲ್ಲಿ ಇದರ ಹೆಸರು ಚಾಂಗೇರಿ.

ಕ್ಲೋವರ್ ಅವರೆ, ಹುರುಳಿಗಳ ಬಂಧು. ಅದರ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸಾರ ಕೊಡುತ್ತವೆ. ಹುಳಿಸೊಪ್ಪಿಗೆ ಆ ಶಕ್ತಿಯಿಲ್ಲ. ಇದರ ಕುಲವೇ ಬೇರೆ. ೧೭೫೩ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಇದಕ್ಕೆ 'ಆಕ್ಸಾಲಿಸ್ ಕಾರ್ನಿಕ್ಯುಲೇಟ' ಎಂದು ಹೆಸರಿಟ್ಟನು. ಮೊದಲನೆಯ ಪದ ಹುಳಿಯನ್ನೂ, ಎರಡನೆಯದು ಪುಟ್ಟ ಕೊಂಬಿನಂತೆ ನೆಟ್ಟಗೆ ನಿಲ್ಲುವ ಕಾಯಿಯನ್ನೂ ಸೂಚಿಸುತ್ತದೆ. ಬಲಿತ ಕಾಯನ್ನು ಮುಟ್ಟಿದರೆ ಸಾಕು, ಬೀಜಗಳು ಚಿಮ್ಮಿ ದೂರ ಬೀಳುತ್ತವೆ. ಕತ್ತಲಾದೊಡನೆ ಎಲೆಗಳು ಮಡಚಿಕೊಂಡು ನಿದ್ರಿಸುತ್ತವೆ. ಒಂದು ಜಾತಿಯ ಪುಟ್ಟ ನೀಲಿ ಚಿಟ್ಟೆಯ ಮರಿಹುಳುಗಳಿಗೆ ಈ ಎಲೆಯೇ ಆಹಾರ.

ಮಂಡ್ಯದ ಸೀಮೆಯಲ್ಲಿ ಮುದ್ದೆಗೆ ಬೆರಕೆಸೊಪ್ಪಿನ ಸಾರಿಗಿಂತ ಒಳ್ಳೆಯ ಜೊತೆಯಿಲ್ಲ. ಅಣ್ಣೆ, ಗಣಿಕೆಗಳೊಡನೆ ಒಂದು ಹಿಡಿ ಹುಳಿಸೊಪ್ಪು ಸೇರಿದರೆ ಹುಣಿಸೆಹಣ್ಣನ್ನು ಕಡಿಮೆ ಮಾಡಬಹುದು. ಇದೇ ಎಲೆಯಿಂದ ಉಜ್ಜಿದರೆ ಹಿತ್ತಾಳೆಯ ಪಾತ್ರೆಗಳು ಹೊಳೆಯುತ್ತವೆ. ಎರಡಕ್ಕೂ ಕಾರಣ ಎಲೆಯಲ್ಲಿರುವ ಆಕ್ಸಾಲಿಕ್ ಆಮ್ಲ. ಆದುದರಿಂದ ಇದನ್ನು ಮಿತವಾಗಿ ಬಳಸುವುದೇ ಲೇಸು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯಿರುವವರು ದೂರವಿಡುವುದೇ ಕ್ಷೇಮ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇರೊಂದುಂಟು. ಕಳೆ ಕೀಳಲು ಆಳು ಸಿಗದ ಈ ದಿನಗಳಲ್ಲಿ ಅನೇಕ ಕಡೆ ಬದುಗಳಿಗೆ ಕಳೆನಾಶಕ ಸಿಂಪಡಿಸುತ್ತಾರೆ. ಔಷಧಕ್ಕೆ ಕಳೆ ಯಾವುದು, ಕರಿಬೇಯಿಸುವ ಸೊಪ್ಪು ಯಾವುದು ಎಂಬ ವಿವೇಚನೆಯಿಲ್ಲ. ಸಿಂಪಡಿಸಿದ ಬದುವಿನಲ್ಲಿ ಉಳಿದ ಸೊಪ್ಪನ್ನು ನಂಬಿ ಕೊಯ್ಯುವಂತೆಯೂ ಇಲ್ಲ. ಸೊಪ್ಪು ಕೊಯ್ಯುವ ವಾಡಿಕೆ ನಿಂತರೆ ಅದನ್ನು ಗುರುತಿಸುವ ಕಣ್ಣೂ ಮನೆಯಿಂದ ಮರೆಯಾಗುತ್ತದೆ. ಅಜ್ಜಿಗೆ ತಿಳಿದಿದ್ದು ಮೊಮ್ಮಗಳಿಗೆ ಬರಿಯ ಹುಲ್ಲಾಗುತ್ತದೆ.

ಈ ಸಸ್ಯಕ್ಕೆ ಬೇಕಾದುದು ಒಂದಿಷ್ಟು ತೇವ, ಒಂದಿಷ್ಟು ಮಣ್ಣು. ಹೂಕುಂಡದಲ್ಲಿ ತಾನಾಗಿ ಮೊಳೆತುದನ್ನು ಕಿತ್ತೆಸೆಯುವ ಮುನ್ನ ಗೃಹಿಣಿಯರು ಅದರ ಹೆಸರನ್ನು ಮಕ್ಕಳಿಗೆ ಹೇಳಿಕೊಡಲಿ. ವಿಷ ಸೋಕದ ಹಿಡಿ ಸೊಪ್ಪು ಮನೆಯಂಗಳದಲ್ಲೇ ದೊರೆತೀತು.