ಬೆಂಕಿಯಲ್ಲಿ ಉಳಿದ ಗೋಡೆಗಳು

ಜಮಖಂಡಿ, ಮುಧೋಳ, ಬೀಳಗಿಗಳ ಕಡೆಯ ನಮಗೆ ಕೊಲ್ಲಾಪುರವೆಂದೊಡನೆ ನೆನಪಾಗುವುದು ಮಹಾಲಕ್ಷ್ಮಿಯ ಗುಡಿ; ಅನಂತರ ಖಾಸಬಾಗದ ಕುಸ್ತಿ ಮೈದಾನ. ಆ ಮೈದಾನಕ್ಕೆ ಹೊಂದಿಯೇ ನಿಂತಿರುವ ಹಳೆಯ ನಾಟ್ಯಗೃಹವು 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಮರಾಠೀ ರಂಗಮಂದಿರ ಸುಟ್ಟರೆ ಬಾಡಗಂಡಿಯ ಕನ್ನಡ ಮಾಸ್ತರನಿಗೇಕೆ ದುಃಖವೆಂದು ತಾವು ಕೇಳಬಹುದು. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತು.

1902ರಲ್ಲಿ ಯುರೋಪ ಪ್ರವಾಸ ಮಾಡಿದ ಶಾಹೂ ಮಹಾರಾಜರು ಅಲ್ಲಿಯ ರಂಗಭೂಮಿಯನ್ನೂ ರೋಮಿನ ಕ್ರೀಡಾಂಗಣವನ್ನೂ ಕಂಡು ಬಂದರು. 1912ರಲ್ಲಿ ಕುಸ್ತಿ ಮೈದಾನ ಸಿದ್ಧವಾಯಿತು. 1915ರಲ್ಲಿ ಪ್ಯಾಲೇಸ್ ಥಿಯೇಟರ್ ಎದ್ದು ನಿಂತಿತು. ಮುಂದೆ ಅದಕ್ಕೆ ಗಾಯಕ ನಟ ಕೇಶವರಾವ್ ಭೋಸಲೆಯವರ ಹೆಸರು ಬಂದಿತು. ಅವರು ಹುಟ್ಟಿದ್ದು 1890ರ ಆಗಸ್ಟ್ 9ರಂದು. ಅವರ ಜಯಂತಿಯ ಹಿಂದಿನ ರಾತ್ರಿಯೇ ಅವರ ಹೆಸರಿನ ಮನೆ ಉರಿಯಿತು.

ಈ ಕೇಶವರಾಯರು ತಮ್ಮ ಲಲಿತಕಲಾದರ್ಶ ಮಂಡಳಿಯನ್ನು ಸ್ಥಾಪಿಸಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ! ಇನ್ನೂ ಹಿಂದಕ್ಕೆ ಹೋದರೆ, ಜಮಖಂಡಿಯಂತೆಯೇ ಪಟವರ್ಧನರ ಸಂಸ್ಥಾನವಾಗಿದ್ದ ಸಾಂಗಲಿಗೆ ಉತ್ತರ ಕನ್ನಡದ ಕರ್ಕಿಯ ಮೇಳ ಹೋಗಿ ಆಡಿತು. ಅದನ್ನು ಕಂಡ ಮೇಲೆಯೇ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯ ಸೀತಾಸ್ವಯಂವರವನ್ನು ಆಡಿಸಿದರು. 1880ರಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠೀ ನಾಟಕಗಳ ಅಬ್ಬರ ಕಂಡು ಗದುಗಿನ ಶಾಂತಕವಿಗಳು ಕನ್ನಡ ನಾಟಕಗಳನ್ನು ಬರೆದು ಮಂಡಳಿ ಕಟ್ಟಿದರು. ಹೀಗೆ ಕೊಟ್ಟದ್ದೂ ಉಂಟು, ಕೊಂಡದ್ದೂ ಉಂಟು. ಸುಟ್ಟದ್ದರಲ್ಲಿ ನಮ್ಮ ಪಾಲೂ ಇದೆ.

ಚಾವಣಿ ಕುಸಿಯಿತು, ರಂಗವೇದಿಕೆ ಬೂದಿಯಾಯಿತು. ಕಲ್ಲಿನ ಗೋಡೆಗಳು ನಿಂತವು. ಇದ್ದಂತೆಯೇ ಮರಳಿ ಕಟ್ಟುವೆವೆಂದು ಮಹಾರಾಷ್ಟ್ರ ಸರಕಾರ ಸಾರಿ, ಕೆಲಸ ಕೈಗೊಂಡಿತು. ಆದರೆ 'ಇದ್ದಂತೆ' ಎಂದರೇನು? ಮುಂಭಾಗದ ರೂಪ ಮಾತ್ರವೇ?

1915ರಲ್ಲಿ ಧ್ವನಿವರ್ಧಕವಿರಲಿಲ್ಲ. ನಟನ ಪದ ಕೊನೆಯ ಸಾಲಿಗೂ ಸ್ಪಷ್ಟವಾಗಿ ಮುಟ್ಟಬೇಕಿತ್ತು. ಸಭಾಗೃಹದ ಅಳತೆ, ಚಾವಣಿಯ ಎತ್ತರ, ಮರದ ಹಲಗೆ, ತುಂಬಿ ಕುಳಿತ ಜನ, ಇವೆಲ್ಲ ಕೂಡಿ ಧ್ವನಿಯನ್ನು ಹದಗೊಳಿಸುತ್ತವೆ. ನುಣುಪಾದ ಸಿಮೆಂಟಿನ ಗೋಡೆ ಧ್ವನಿಯನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಮಾತಿನ ಬಾಲ ಮುಂದಿನ ಮಾತಿಗೆ ಸುತ್ತಿಕೊಳ್ಳುತ್ತದೆ. ದಪ್ಪ ಪರದೆ, ಮೆತ್ತೆಗಳು ಅತಿಯಾದರೆ ಸ್ವರವೇ ಸೊರಗುತ್ತದೆ. ಇತ್ತ, ಧ್ವನಿಗೆ ಹಿತವಾದ ಒಣಮರವೇ ಬೆಂಕಿಗೂ ಪ್ರಿಯ. ಆದ್ದರಿಂದ ಹಳೆಯ ನಾದವನ್ನು ಉಳಿಸಿಕೊಳ್ಳುತ್ತ, ಬೆಂಕಿ ಹತ್ತದ ಲೇಪ, ಸುಭದ್ರ ವಿದ್ಯುತ್ ತಂತಿ, ಸಾಕಷ್ಟು ಹೊರಬಾಗಿಲುಗಳನ್ನು ಸೇರಿಸುವುದು ಜೀರ್ಣೋದ್ಧಾರದ ನಿಜವಾದ ಕಷ್ಟ. ಅಳತೆಪಟ್ಟಿಯೊಂದೇ ಅಲ್ಲಿ ಸಾಲದು, ಕಿವಿಯೂ ಬೇಕು.

ಪರೀಕ್ಷೆ ಮಾತ್ರ ಸರಳವಾದುದು. ಮರಳಿ ಕಟ್ಟಿದ ಮನೆಯ ಕೊನೆಯ ಸಾಲಿನಲ್ಲಿ ಕುಳಿತು, ಯಂತ್ರದ ನೆರವಿಲ್ಲದೆ ಹಾಡಿದ ಒಂದು ನಾಟ್ಯಗೀತೆಯನ್ನು ಕೇಳಬೇಕು. ಅದು ಕೇಳಿಸಿದರೆ ಕೇಶವರಾಯರ ಮನೆ ಮರಳಿತೆಂದು ತಿಳಿಯಬಹುದು. ಆ ಸಾಲಿನಲ್ಲಿ ಈಚಿನ ಸೀಮೆಯ ನಾವೂ ಕೆಲವರು ಇರಬೇಕು. ಹುಬ್ಬಳ್ಳಿಯಲ್ಲಿ ತೊಡಗಿದ ದನಿಯ ಮೇಲೆ ನಮಗೂ ಹಕ್ಕುಂಟಲ್ಲವೇ?