ಯಾರ ಅಪ್ಪಣೆಯಿಂದ ಹೊರಟೆ?

ಈ ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ವಿಳಾಸ, ದೂರವಾಣಿ ಸಂಖ್ಯೆ ಹಾಗೂ ಭಾವಚಿತ್ರಗಳನ್ನು ಗಡಹಿಂಗ್ಲಜದ ನಮ್ಮ ಮನೆಯ ಗಣಕಯಂತ್ರದಲ್ಲಿ ಕೂಡಿಡುತ್ತಿದ್ದೆನು. ಒಂದು ರಾತ್ರಿ, ನಾನು ಏನನ್ನೂ ಕಳುಹಿಸದಿದ್ದರೂ, ಇಂಟರ್‌ನೆಟ್ ಪೆಟ್ಟಿಗೆಯ ದೀಪ ಎಡೆಬಿಡದೆ ಮಿನುಗುತ್ತಿತ್ತು. ನೀವು ನಂಬಿ ಕೊಟ್ಟ ವಿವರಗಳು ಯಾರ ಕೈ ಸೇರುತ್ತಿವೆಯೋ ಎಂಬ ಚಿಂತೆಯಿಂದ ನನಗೆ ನಿದ್ರೆ ಹತ್ತಲಿಲ್ಲ.

ಚಿಂತೆಗೆ ಕಾರಣವಿತ್ತು. 2018ರ ಆಗಸ್ಟ್ ತಿಂಗಳಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಗಣಕ ವ್ಯವಸ್ಥೆಯೊಳಗೆ ಕಳ್ಳ ತಂತ್ರಾಂಶವನ್ನು ನುಸುಳಿಸಿ ಸುಮಾರು 94 ಕೋಟಿ ರೂಪಾಯಿ ದೋಚಲಾಯಿತು. ನಕಲಿ ಕಾರ್ಡುಗಳಿಂದ ಹಣ ತೆಗೆದ ಊರುಗಳಲ್ಲಿ ನಮ್ಮ ಕೊಲ್ಲಾಪುರವೂ ಒಂದು.

ಮರುದಿನ ಇಚಲಕರಂಜಿಯ ಮೊಮ್ಮಗನಿಗೆ ಫೋನು ಮಾಡಿದೆನು. “ಅಜ್ಜಾ, ಗಾಬರಿ ಆಗಬ್ಯಾಡ್ರಿ. ಮೊದಲು ಹೊರಗ ಹೊಂಟಾವ್ರು ಯಾರಂತ ನೋಡ್ರಿ” ಎಂದನು.

ಶಾಲೆ ಬಿಡುವ ಮುನ್ನ ಬಾಗಿಲು ದಾಟುವ ಹುಡುಗನಿಗೆ ನಾವು ಮೂರು ಪ್ರಶ್ನೆ ಕೇಳುತ್ತಿದ್ದೆವು: ನೀನಾರು, ಎಲ್ಲಿಗೆ ಹೊರಟೆ, ಯಾರ ಅಪ್ಪಣೆ? ಇಲ್ಲಿಯೂ ಅವೇ ಪ್ರಶ್ನೆಗಳು. ವಿಂಡೋಸ್ ಗಣಕಯಂತ್ರದಲ್ಲಿ ‘ರಿಸೋರ್ಸ್ ಮಾನಿಟರ್’ ತೆರೆದು ‘ನೆಟ್‌ವರ್ಕ್’ ವಿಭಾಗವನ್ನು ನೋಡಿದರೆ, ಯಾವ ಪ್ರೋಗ್ರಾಂ ಯಾವ ವಿಳಾಸಕ್ಕೆ ಸೆಕೆಂಡಿಗೆ ಎಷ್ಟು ಬೈಟ್ ಕಳುಹಿಸುತ್ತಿದೆ ಎಂಬುದು ಕಾಣುತ್ತದೆ. ಹೆಸರೊಂದನ್ನೇ ನಂಬಬಾರದು, ಕಳ್ಳನೂ ಒಳ್ಳೆಯ ಹೆಸರು ಹೇಳಬಲ್ಲನು. ‘ಟಾಸ್ಕ್ ಮ್ಯಾನೇಜರ್’ನಲ್ಲಿ ಆ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅದರ ಕಡತ ಯಾವ ಸ್ಥಳದಲ್ಲಿದೆ ಎಂದೂ ನೋಡಬೇಕು. ಮೂರನೆಯ ಪ್ರಶ್ನೆಗೆ ಮಾತ್ರ ಯಂತ್ರ ಉತ್ತರಿಸದು, ಮನೆಯವರೇ ಉತ್ತರಿಸಬೇಕು.

ನಮ್ಮಲ್ಲಿ ಸಿಕ್ಕಿದ್ದು ಕಳ್ಳನಲ್ಲ. ಕಡತಗಳ ಪ್ರತಿಯನ್ನು ದೂರದ ಗಣಕಕ್ಕೆ ಕಳುಹಿಸಿ ಕಾಯ್ದಿಡುವ ಪ್ರೋಗ್ರಾಂ ಅದು. ಯಂತ್ರವನ್ನು ಜೋಡಿಸಿ ಕೊಟ್ಟವರು ನನ್ನ ಹೆಸರಿನಲ್ಲಿಯೇ ಖಾತೆ ತೆರೆದು ಅದನ್ನು ಚಾಲೂ ಮಾಡಿದ್ದರು. ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಭಾವಚಿತ್ರಗಳೊಡನೆ ನಿಮ್ಮ ವಿಳಾಸಗಳ ಪಟ್ಟಿಯೂ ಹೋಗಿತ್ತು. ಪಟ್ಟಿಯನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ಪ್ರೋಗ್ರಾಂ ನಿಲ್ಲಿಸಿ, ಅಲ್ಲಿದ್ದ ಪ್ರತಿಯನ್ನು ಅಳಿಸಿ, ಖಾತೆಯ ಗುಪ್ತಪದವನ್ನು ಬದಲಿಸಿದೆನು. ಇದನ್ನು ನಿಮ್ಮಿಂದ ಮುಚ್ಚಿಡಬಾರದೆಂದೇ ಈ ಬರಹ.

ಅಪರಿಚಿತ ಪ್ರೋಗ್ರಾಂ ಕಂಡರೆ ಮೊದಲು ಇಂಟರ್‌ನೆಟ್ ಸಂಪರ್ಕವನ್ನು ಕಡಿಯಿರಿ. ಗುಪ್ತಪದಗಳನ್ನು ಬೇರೊಂದು ಯಂತ್ರದಿಂದ ಬದಲಿಸಿರಿ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಇಂಥ ಕಳ್ಳ ತಂತ್ರಾಂಶ ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿರಿ.

ಮನೆಗೆ ಬರುವವರನ್ನು ಎಲ್ಲರೂ ವಿಚಾರಿಸುತ್ತೇವೆ. ಮನೆಯಿಂದ ಹೊರಹೋಗುವುದನ್ನೂ ವಿಚಾರಿಸುವ ರೂಢಿ ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಬೆಳೆಯಲೆಂದು ಹಾರೈಸುತ್ತೇನೆ.