ಓದುಗರ ಮನ ತಟ್ಟುವ ಪ್ರೇಮಕಥೆ



ಕಥೆ ಬರೆಯಬೇಕೆಂದು ಲೇಖನಿ ಹಿಡಿಯುವ ಹದಿಹರೆಯದವರಲ್ಲಿ ಅನೇಕರು ಮೊದಲು ಬರೆಯುವುದು ಪ್ರೇಮಕಥೆಯನ್ನೇ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪ್ರೀತಿ ಎಲ್ಲರಿಗೂ ಗೊತ್ತಿರುವ ವಿಷಯ. ತೊಡಕು ಇರುವುದೂ ಅಲ್ಲಿಯೇ. ಎಲ್ಲರಿಗೂ ಗೊತ್ತಿರುವುದನ್ನು ಹೇಳಿ ಮನಸ್ಸನ್ನು ಕಲಕುವುದು ಹೇಗೆ?

ಯುವಜನರ ಕಾರ್ಯಕ್ರಮಕ್ಕೆಂದು ಬರುವ ಕಥೆಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಅವುಗಳಲ್ಲಿ ನಾಯಕಿ ಚಂದ್ರಮುಖಿ, ನಾಯಕ ಸ್ಫುರದ್ರೂಪಿ. ಮೊದಲ ನೋಟಕ್ಕೇ ಇಬ್ಬರೂ ಮನಸೋಲುತ್ತಾರೆ. ಮುಂದಿನ ಪುಟಗಳ ತುಂಬ ಕಣ್ಣೀರು. ಕಥೆಯೊಳಗಿನವರು ಅಳುತ್ತಾರೆ, ಓದುವವರ ಕಣ್ಣು ಮಾತ್ರ ಒದ್ದೆಯಾಗುವುದಿಲ್ಲ. ಹೀಗೇಕೆ ಆಗುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮೂರನೆಯ ಅಂಕಣ

ನಾನು ಓದಿದ್ದು ವಿಜ್ಞಾನ. ಆದ್ದರಿಂದ ಪ್ರಯೋಗಾಲಯದ ಉದಾಹರಣೆಯನ್ನೇ ಕೊಡುತ್ತೇನೆ. ಲವಣ ವಿಶ್ಲೇಷಣೆ ಮಾಡಿದವರಿಗೆ ರೆಕಾರ್ಡ್ ಪುಸ್ತಕದ ಮೂರು ಅಂಕಣಗಳು ನೆನಪಿರಬಹುದು: ಪ್ರಯೋಗ, ಗಮನಿಸಿದ್ದು, ತೀರ್ಮಾನ. ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಸೇರಿಸಿದಾಗ ಬಿಳಿಯ ಪ್ರಕ್ಷೇಪ ಉಂಟಾಯಿತು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಕರಗಲಿಲ್ಲ. ಇದು ಗಮನಿಸಿದ್ದು. ಲವಣದಲ್ಲಿ ಸಲ್ಫೇಟ್ ಇದೆ ಎಂಬುದು ತೀರ್ಮಾನ.

ಪ್ರೇಮಕಥೆ ಬರೆಯುವವರು ಮೊದಲ ಎರಡು ಅಂಕಣಗಳನ್ನು ತುಂಬಿ, ಮೂರನೆಯದನ್ನು ಓದುಗರಿಗೆ ಬಿಡಬೇಕು. ‘ಅವಳಿಗೆ ಅವನ ಮೇಲೆ ಅಪಾರವಾದ ಪ್ರೀತಿಯಿತ್ತು’ ಎಂದು ಬರೆದರೆ ಅದು ತೀರ್ಮಾನ. ಓದುಗರು ಅದನ್ನು ಕೇಳಿಸಿಕೊಂಡು ಮುಂದಕ್ಕೆ ಹೋಗುತ್ತಾರೆ. ಅದರ ಬದಲು, ‘ಅಕ್ಕನ ಮದುವೆಯ ಗಡಿಬಿಡಿಯಲ್ಲಿ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದವಳು, ಸಕ್ಕರೆ ಹಾಕದ ಒಂದು ಲೋಟವನ್ನು ಮಾತ್ರ ಬೇರೆಯಾಗಿ ತೆಗೆದಿಟ್ಟಳು’ ಎಂದು ಬರೆದು ನೋಡಿ. ಯಾರಿಗಾಗಿ? ಅವನಿಗೆ ಸಕ್ಕರೆ ಬೇಡವೆಂಬುದು ಇವಳಿಗೆ ಹೇಗೆ ಗೊತ್ತು? ಪ್ರಶ್ನೆ ಹುಟ್ಟಿತು, ಉತ್ತರವೂ ಓದುಗರಲ್ಲಿಯೇ ಹುಟ್ಟಿತು. ಬೇರೆಯವರು ಹೇಳಿದ್ದಕ್ಕಿಂತ ತಾವೇ ಕಂಡುಕೊಂಡದ್ದನ್ನು ಜನ ಹೆಚ್ಚು ನಂಬುತ್ತಾರೆ. ಭಾವನೆ ಓದುಗರನ್ನು ಮುಟ್ಟುವ ದಾರಿ ಇದೇ.

ಅಡ್ಡಿ ಎಲ್ಲಿಂದ ಬರಬೇಕು?

ಅಡ್ಡಿಯಿಲ್ಲದೆ ಕಥೆಯಿಲ್ಲ. ಆದರೆ ಹೊಸದಾಗಿ ಬರೆಯುವವರು ಅಡ್ಡಿಯನ್ನು ಹೊರಗಿನಿಂದ ತಂದು ಹಾಕುತ್ತಾರೆ. ಒಬ್ಬ ಖಳನಾಯಕ, ಒಂದು ಲಾರಿ ಅಪಘಾತ, ಇಲ್ಲವೆ ಕೊನೆಯ ಪುಟದಲ್ಲಿ ಒಂದು ವಾಸಿಯಾಗದ ಕಾಯಿಲೆ. ಇವುಗಳಿಂದ ಆಘಾತವಾಗಬಹುದು, ದುಃಖ ಹುಟ್ಟುವುದಿಲ್ಲ. ಪಾತ್ರಗಳು ಬದುಕುವ ಬದುಕಿನಿಂದಲೇ ಅಡ್ಡಿ ಮೂಡಬೇಕು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿ ಮತ್ತು ತಿಮ್ಮಿಯರನ್ನು ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಅದು. ಇಬ್ಬರೂ ಜೀತದವರು, ಆದರೆ ಬೇರೆ ಬೇರೆ ಒಡೆಯರಿಗೆ ಸೇರಿದವರು. ಹುಡುಗಿಯನ್ನು ಕರೆದುಕೊಂಡು ಹೋದರೆ ಅಲ್ಲಿನ ಒಡೆಯನ ದುಡಿಮೆಯ ಆಳನ್ನೇ ಕದ್ದಂತೆ. ಅವರ ಪ್ರೀತಿಗೆ ಎದುರಾಗಿ ನಿಂತಿರುವುದು ಒಬ್ಬ ಕೆಟ್ಟ ಮನುಷ್ಯನಲ್ಲ, ಒಂದು ಇಡೀ ವ್ಯವಸ್ಥೆ. ಆದ್ದರಿಂದಲೇ ಕಾಡಿನಲ್ಲಿ ಅವರು ಓಡುವಾಗ ನಮ್ಮ ಎದೆಯೂ ಬಡಿದುಕೊಳ್ಳುತ್ತದೆ.

ಅಡ್ಡಿ ಒಳಗಿನಿಂದಲೂ ಬರಬಹುದು. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಕಾದಂಬರಿಯ ಕಾತ್ಯಾಯನಿ ಎಳೆಯ ವಯಸ್ಸಿನ ವಿಧವೆ, ಒಂದು ಮಗುವಿನ ತಾಯಿ. ನಂಜನಗೂಡಿನಿಂದ ಮೈಸೂರಿನ ಕಾಲೇಜಿಗೆ ಓದಲು ಹೋಗುವ ಅವಳು ಅಲ್ಲಿ ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮಾವ ಶ್ರೀನಿವಾಸ ಶ್ರೋತ್ರಿಯರು ಕ್ರೂರಿಯಲ್ಲ, ದೊಡ್ಡ ಮನಸ್ಸಿನವರು. ಮಗು ಮಾತ್ರ ಆ ಮನೆಯಲ್ಲಿಯೇ ಉಳಿಯುತ್ತದೆ. ಅವಳು ಬಯಸಿದ್ದು ಸಿಕ್ಕಿತು, ಆದರೆ ಪೂರ್ತಿ ಸಿಗಲಿಲ್ಲ. ಅವಳ ನಿರ್ಧಾರ ಸರಿಯೇ ತಪ್ಪೇ ಎಂದು ಓದುಗರು ಇಂದಿಗೂ ವಾದಿಸುತ್ತಾರೆ. ಎರಡೂ ಕಡೆ ತೂಕವಿದ್ದಾಗಲೇ ತಕ್ಕಡಿಯ ಮುಳ್ಳು ನಡುಗುತ್ತದೆ.

ಪಾತ್ರ ಬದಲಾಗಬೇಕು

ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ 61 ಅಧ್ಯಾಯಗಳಿವೆ. ಶ್ರೀಮಂತನಾದ ಡಾರ್ಸಿ, ಎಲಿಜಬೆತ್‌ಳನ್ನು ಮದುವೆಯಾಗುವಂತೆ ಮೊದಲ ಸಲ ಕೇಳುವುದು 34ನೆಯ ಅಧ್ಯಾಯದಲ್ಲಿ. ಅವನ ಮಾತಿನಲ್ಲಿ ಪ್ರೀತಿಯಷ್ಟೇ ಅಹಂಕಾರವೂ ಇದೆ. ಅವಳು ನಿರಾಕರಿಸುತ್ತಾಳೆ. ಉಳಿದ ಅಧ್ಯಾಯಗಳಲ್ಲಿ ಅವನು ತನ್ನ ಗರ್ವವನ್ನೂ ಅವಳು ತನ್ನ ಪೂರ್ವಗ್ರಹವನ್ನೂ ಕಳೆದುಕೊಳ್ಳುತ್ತಾರೆ. ಎರಡನೆಯ ಸಲ ಅವನು ಕೇಳುವ ಹೊತ್ತಿಗೆ ಇಬ್ಬರೂ ಬೇರೆಯೇ ಮನುಷ್ಯರು. ಇಬ್ಬರೂ ಒಂದಾದರು ಎಂಬುದಕ್ಕಿಂತ, ಒಂದಾಗಲು ತಕ್ಕವರಾದರು ಎಂಬುದು ನಮಗೆ ಸಂತೋಷ ಕೊಡುತ್ತದೆ. ಮೊದಲ ಪುಟದಲ್ಲಿದ್ದಂತೆಯೇ ಪಾತ್ರಗಳು ಕೊನೆಯ ಪುಟದಲ್ಲೂ ಇದ್ದರೆ, ನಡುವಿನ ಪುಟಗಳು ಏತಕ್ಕಾಗಿ?

‘ಬೇಡ’ ಎನ್ನುವ ಹಕ್ಕು

ತ್ರಿವೇಣಿಯವರ ಹೆಸರು ಹೇಳದೆ ಈ ವಿಷಯ ಪೂರ್ಣವಾಗದು. 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಈ ಲೇಖಕಿ ಮನಶ್ಶಾಸ್ತ್ರ ಓದಿದವರು. ಅವರ ‘ಬೆಳ್ಳಿಮೋಡ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಅವರು 1967ರಲ್ಲಿ ತೆರೆಗೆ ತಂದರು. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಬೇಕಾದ ಮೋಹನ ಅವಳ ತಂದೆಯ ಹಣದಲ್ಲಿಯೇ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ತನ್ನದಾಗದು ಎಂದು ತಿಳಿದ ಮೋಹನ ಹಿಂದೆ ಸರಿಯುತ್ತಾನೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಇಂದಿರಾ ಶುಶ್ರೂಷೆ ಮಾಡುತ್ತಾಳೆ. ಆಗ ಅವನ ಮನಸ್ಸು ಕರಗಿ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಪ್ಪುವುದಿಲ್ಲ.

ಆ ‘ಇಲ್ಲ’ ಎಂಬ ಮಾತಿನಲ್ಲಿಯೇ ಕಥೆಯ ಜೀವವಿದೆ. ಅವಳ ಶುಶ್ರೂಷೆ ನಿಜ, ಅವಳ ನಿರಾಕರಣೆಯೂ ನಿಜ. ಎರಡನ್ನೂ ಲೇಖಕಿ ಗೌರವಿಸಿದ್ದಾರೆ.

ಇಲ್ಲಿ ನಿಮ್ಮೊಡನೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮಗೆ ಬರುವ ಕಥೆಗಳಲ್ಲಿ ಹುಡುಗ ಹುಡುಗಿಯ ಹಿಂದೆ ತಿಂಗಳುಗಟ್ಟಲೆ ಅಲೆಯುತ್ತಾನೆ, ಬಸ್ ನಿಲ್ದಾಣದಲ್ಲಿ ಅಡ್ಡಗಟ್ಟುತ್ತಾನೆ. ಕೊನೆಗೆ ಅವಳು ಸೋತು ಒಪ್ಪುತ್ತಾಳೆ. ಬರೆದವರು ಇದನ್ನು ಪ್ರೀತಿಯೆಂದು ತಿಳಿಯುತ್ತಾರೆ. ಅದೇ ಬಸ್ ನಿಲ್ದಾಣದಲ್ಲಿ ನಿಂತ ಹುಡುಗಿಗೆ ಅದು ಭಯ. ಆ ಭಯದಿಂದ ಕಾಲೇಜು ಬಿಟ್ಟವರೂ ಇದ್ದಾರೆ. 2013ರ ತಿದ್ದುಪಡಿಯ ನಂತರ, ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಪದೇ ಪದೇ ಹಿಂಬಾಲಿಸಿ ಸಂಪರ್ಕಿಸುವುದು ಕಾನೂನಿನ ಪ್ರಕಾರ ಅಪರಾಧ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಅಪರಾಧವೇ. ಕಾನೂನಿನ ಮಾತು ಹಾಗಿರಲಿ, ಕಥೆಯ ದೃಷ್ಟಿಯಿಂದಲೂ ಇದು ದೋಷ. ‘ಬೇಡ’ ಎನ್ನುವ ಸ್ವಾತಂತ್ರ್ಯವಿಲ್ಲದವಳು ‘ಹೂಂ’ ಎಂದರೆ ಆ ಮಾತಿಗೆ ಬೆಲೆಯೇನು? ನಿಮ್ಮ ನಾಯಕಿಗೂ ಒಂದು ಮನಸ್ಸು, ಒಂದು ಗುರಿ, ಒಂದು ಕೋಪ ಇರಲಿ. ಆಗ ಅವಳ ಒಪ್ಪಿಗೆ ಕಥೆಯಲ್ಲಿ ಒಂದು ಘಟನೆಯಾಗುತ್ತದೆ.

ಒಂದು ಅಭ್ಯಾಸ

ಬಿಡುವಿನ ದಿನ ಹೀಗೆ ಮಾಡಿ ನೋಡಿ. ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ಜಾಗವನ್ನು ಆರಿಸಿಕೊಳ್ಳಿ. ಗ್ರಂಥಾಲಯ, ಸಂತೆ, ಹಿಟ್ಟಿನ ಗಿರಣಿ, ಯಾವುದಾದರೂ ಸರಿ. ಅಲ್ಲಿ ಇಬ್ಬರನ್ನು ನಿಲ್ಲಿಸಿ, ಅವರ ನಡುವೆ ಹೇಳಲಾಗದ ಒಂದು ಮಾತನ್ನಿಡಿ. ಪ್ರೀತಿ, ಪ್ರೇಮ, ಹೃದಯ, ಕಣ್ಣೀರು ಎಂಬ ನಾಲ್ಕು ಪದಗಳನ್ನು ಬಳಸದೆ ಒಂದು ಪುಟ ಬರೆಯಿರಿ. ಅವರು ಕೈಯಲ್ಲಿ ಏನು ಹಿಡಿದಿದ್ದರು, ಯಾವ ಮಾತನ್ನು ಅರ್ಧಕ್ಕೆ ನಿಲ್ಲಿಸಿದರು, ಯಾರು ಮೊದಲು ಹೊರಟರು ಎಂಬುದನ್ನಷ್ಟೇ ದಾಖಲಿಸಿ.

ಆಮೇಲೆ ಆ ಪುಟವನ್ನು ಸ್ನೇಹಿತರೊಬ್ಬರಿಗೆ ಕೊಟ್ಟು, ಇವರಿಬ್ಬರ ನಡುವೆ ಏನಿದೆ ಎಂದು ಕೇಳಿ. ಅವರು ಮೂರನೆಯ ಅಂಕಣವನ್ನು ಸರಿಯಾಗಿ ತುಂಬಿದರೆ ನಿಮ್ಮ ಪ್ರಯೋಗ ಫಲಿಸಿತೆಂದೇ ಅರ್ಥ. ತುಂಬದಿದ್ದರೆ ನಿರಾಶರಾಗಬೇಡಿ. ಗಮನಿಸಿದ್ದು ಸಾಲದು ಎಂದು ತಿಳಿದು, ಮತ್ತೊಮ್ಮೆ ಗಮನಿಸಿ ಬರೆಯಿರಿ.